ಮುಖಗವಸಿನ ಮೇಲಂಚು

ಕನ್ನಡಕ ಧರಿಸುವವರಿಗೆಲ್ಲ 2020ರಲ್ಲಿ ಒಂದು ಹೊಸ ಪೀಡೆ ಗಂಟುಬಿದ್ದಿತು. ಮುಖಗವಸು ತೊಟ್ಟು ನಾಲ್ಕು ಮಾತನಾಡುವಷ್ಟರಲ್ಲಿ ಗಾಜಿನ ಮೇಲೆ ಮಂಜು ಕವಿದು ಎದುರಿಗಿದ್ದವರು ಮಾಯವಾಗುತ್ತಿದ್ದರು. ಬಟ್ಟೆಗೆ ತಡೆದ ಉಸಿರು ಮೂಗಿನ ಇಕ್ಕೆಲದ ಸಂದಿಯಿಂದ ಮೇಲಕ್ಕೇರುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇರೆ ಬೇಕಿಲ್ಲ. ಗಾಜಿಗೆ ಮಂಜು ಹಿಡಿಸುವ ಈ ಗಾಳಿ, ಕನ್ನಡಕವಿಲ್ಲದವರಲ್ಲಿ ನೇರವಾಗಿ ಕಣ್ಣಿಗೇ ತಗಲುತ್ತದೆಯಲ್ಲವೆ? ತಗಲಿದರೆ ಏನಾಗುತ್ತದೆ? ವೈದ್ಯರು ಮುಖಗವಸು ಧರಿಸಲು ತೊಡಗಿ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಮೇಲೆ ಈ ತೊಂದರೆಗೆ ಒಂದು ಹೆಸರು ದೊರೆಯಿತು. ಅಷ್ಟು ತಡವೇಕಾಯಿತೆಂಬುದು ನನಗೆ ಕುತೂಹಲದ ವಿಷಯವಾಗಿ ಕಂಡಿದೆ.

ಕಥೆ ಆರಂಭವಾಗುವುದು ಬ್ರೆಸ್ಲೌ ನಗರದಲ್ಲಿ. ಅಂದು ಜರ್ಮನಿಗೆ ಸೇರಿದ್ದ ಈ ಊರು ಇಂದು ಪೋಲೆಂಡಿನ ವ್ರೊತ್ಸ್ವಾಫ್. ಅಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಫ್ಲ್ಯೂಗೆ, ಮನುಷ್ಯ ಮಾತನಾಡುವಾಗ ಬಾಯಿಯಿಂದ ಸಿಡಿಯುವ ಸೂಕ್ಷ್ಮ ಹನಿಗಳಲ್ಲಿ ರೋಗಾಣುಗಳಿರುತ್ತವೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಅದೇ ಊರಿನ ಶಸ್ತ್ರಚಿಕಿತ್ಸಕ ಯೋಹಾನ್ ಫಾನ್ ಮಿಕುಲಿಚ್ ಈ ಸಂಗತಿಯನ್ನು ಕೂಡಲೇ ಗ್ರಹಿಸಿ, 1897ರಲ್ಲಿ ಬಾಯಿ ಮೂಗುಗಳ ಮೇಲೆ ಒಂದು ಪದರದ ಗಾಜ್ ಬಟ್ಟೆ ಕಟ್ಟಿಕೊಂಡು ಶಸ್ತ್ರಕ್ರಿಯೆ ನಡೆಸುವ ಕ್ರಮವನ್ನು ಪ್ರಕಟಿಸಿದರು. ಪ್ಯಾರಿಸಿನ ಪಾಲ್ ಬರ್ಜೆ ಕೂಡ ಅದೇ ವರ್ಷ ಮುಖಗವಸನ್ನು ಬಳಕೆಗೆ ತಂದರು. ಬೀದಿಯಲ್ಲಿ ಮುಖಪರದೆ ಹಾಕಿಕೊಂಡು ನಡೆಯುವ ಮಹಿಳೆಯಷ್ಟೇ ಸರಾಗವಾಗಿ ಅದರೊಳಗೆ ಉಸಿರಾಡಬಹುದೆಂಬುದು ಮಿಕುಲಿಚ್ಚರ ಅಭಿಪ್ರಾಯವಾಗಿತ್ತು. ರೋಗಿಯ ತೆರೆದ ಗಾಯಕ್ಕೆ ವೈದ್ಯನ ಎಂಜಲು ಹಾರಬಾರದು. ಗವಸಿನ ಉದ್ದೇಶ ಅಷ್ಟೇ. ತೊಟ್ಟವನ ಉಸಿರು ಹಿಂದಿರುಗಿ ಎಲ್ಲಿಗೆ ಹೋಗುತ್ತದೆ ಎಂಬುದು ಅಂದಿನ ಪ್ರಶ್ನೆಯೇ ಆಗಿರಲಿಲ್ಲ.

ಇಲ್ಲಿ ಚರಿತ್ರೆಯ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಮುಖಗವಸಿನ ಪ್ರವರ್ತಕರಾದ ಇದೇ ಮಿಕುಲಿಚ್ಚರ ಹೆಸರು ಕಣ್ಣೀರಿನ ಚರಿತ್ರೆಯಲ್ಲೂ ಇದೆ! ಬ್ರೆಸ್ಲೌಗೆ ಬರುವ ಮೊದಲು ಅವರು ಕ್ಯೋನಿಗ್ಸ್‌ಬರ್ಗಿನಲ್ಲಿದ್ದರು. ಅಲ್ಲಿ ಒಬ್ಬ ರೈತ ಅವರ ಬಳಿಗೆ ಬಂದ. ಅವನ ಎರಡೂ ಕಣ್ಣುಗಳ ಅಶ್ರುಗ್ರಂಥಿಗಳೂ ಬಾಯಿಯ ಲಾಲಾಗ್ರಂಥಿಗಳೂ ನೋವಿಲ್ಲದೆ ಊದಿಕೊಂಡಿದ್ದವು. ಮಿಕುಲಿಚ್ ಇದನ್ನು 1888ರಲ್ಲಿ ವೈದ್ಯರ ಸಭೆಯೊಂದರಲ್ಲಿ ವಿವರಿಸಿ 1892ರಲ್ಲಿ ಪ್ರಕಟಿಸಿದರು. ಆ ರೋಗಕ್ಕೆ ಅವರ ಹೆಸರೇ ನಿಂತಿತು. ಮುಂದೆ 1933ರಲ್ಲಿ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಎಂಬ ನೇತ್ರವೈದ್ಯರು ಕಣ್ಣು ಬಾಯಿಗಳೆರಡೂ ಒಣಗುವ ಬೇನೆಯನ್ನು ಕುರಿತು ಪ್ರೌಢಪ್ರಬಂಧ ಬರೆದರು. ಈ ಎರಡೂ ಒಂದೇ ರೋಗದ ರೂಪಗಳೆಂದು 1953ರಲ್ಲಿ ಅಮೆರಿಕದ ಇಬ್ಬರು ವೈದ್ಯರು ವಾದಿಸಿದರು. ಐವತ್ತು ವರ್ಷಗಳ ಬಳಿಕ ಜಪಾನಿನ ಸಂಶೋಧಕರು, ಅಲ್ಲ, ಇವು ಬೇರೆ ಬೇರೆ ಎಂದು ತೋರಿಸಿದರು. ಆ ಚರ್ಚೆ ಹಾಗಿರಲಿ. ಒಂದು ಕೈಯಲ್ಲಿ ಅಶ್ರುಗ್ರಂಥಿಯನ್ನೂ ಇನ್ನೊಂದು ಕೈಯಲ್ಲಿ ಮುಖಗವಸನ್ನೂ ಹಿಡಿದಿದ್ದ ಮನುಷ್ಯನಿಗೇ ಇವೆರಡರ ನಡುವೆ ಸಂಬಂಧವೊಂದು ಇರಬಹುದೆಂದು ಹೊಳೆಯಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲವೆನ್ನಿ. ತೆಳುವಾದ ಒಂಟಿ ಪದರದ ಬಟ್ಟೆಯಲ್ಲಿ ಉಸಿರು ಎದುರಿಗೇ ದಾಟಿಹೋಗುತ್ತಿತ್ತು. ಮೇಲಿನ ಸಂದಿಯನ್ನು ಹುಡುಕಿಕೊಂಡು ಹೋಗುವ ಅಗತ್ಯ ಅದಕ್ಕೆ ಅಷ್ಟಾಗಿ ಇರಲಿಲ್ಲ.

ಗವಸು ದಪ್ಪವಾದದ್ದು ಮಂಚೂರಿಯದ ಪ್ಲೇಗಿನಲ್ಲಿ. 1910ರ ಡಿಸೆಂಬರಿನಲ್ಲಿ ಹಾರ್ಬಿನ್ ನಗರಕ್ಕೆ ಬಂದಿಳಿದ ವು ಲಿಯೆನ್-ತೆ, ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ಮೂವತ್ತೊಂದರ ತರುಣ. ಈ ಪ್ಲೇಗು ಇಲಿಯ ಚಿಗಟದಿಂದಲ್ಲ, ಕೆಮ್ಮಿನಿಂದ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ ಎಂದು ಅವರು ನಿರ್ಧರಿಸಿ, ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟ ಗವಸನ್ನು ಸಿಬ್ಬಂದಿಗೆಲ್ಲ ಕಡ್ಡಾಯ ಮಾಡಿದರು. ಹಿರಿಯ ಫ್ರೆಂಚ್ ವೈದ್ಯ ಮೆನಿ ಇದನ್ನು ಒಪ್ಪದೆ, ಗವಸಿಲ್ಲದೆಯೇ ರೋಗಿಗಳನ್ನು ಪರೀಕ್ಷಿಸಿ, 1911ರ ಜನವರಿಯಲ್ಲಿ ಅದೇ ಪ್ಲೇಗಿಗೆ ಬಲಿಯಾದರು. ಅವರನ್ನು ಹಳಿಯುವುದು ಸುಲಭ. ಆದರೆ ನಮ್ಮ ದೇಶದಲ್ಲಿಯೇ, 1898ರಲ್ಲಿ ಕರಾಚಿಯಲ್ಲಿ, ಪಾಲ್-ಲೂಯಿ ಸಿಮೊಂಡ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯರು ಪ್ಲೇಗನ್ನು ಹರಡುವುದು ಚಿಗಟವೆಂದು ಕಂಡುಹಿಡಿದಿದ್ದರು. ಅದೇ ವರ್ಷ ಬೆಂಗಳೂರನ್ನು ಹೊಕ್ಕು, ಬಸವನಗುಡಿ ಮಲ್ಲೇಶ್ವರಗಳಂಥ ವಿಶಾಲ ಬಡಾವಣೆಗಳಿಗೆ ಕಾರಣವಾದ ಪ್ಲೇಗು ಕೂಡ ಗೆಡ್ಡೆಯ ಪ್ಲೇಗೇ. ಮೆನಿಯವರು ನಂಬಿದ್ದು ಈ ಜ್ಞಾನವನ್ನು. ಹಾರ್ಬಿನ್ನಿನದು ಶ್ವಾಸಕೋಶದ ಪ್ಲೇಗು. ಸುಮಾರು 60,000 ಜನ ಸತ್ತರು. ಅಂದಿನಿಂದ ಗವಸು ರೋಗಿಯನ್ನಷ್ಟೇ ಅಲ್ಲದೆ ತೊಟ್ಟವರನ್ನೂ ಕಾಯುವ ಕವಚವಾಯಿತು. ಜೀವವೇ ಪಣವಾಗಿರುವಲ್ಲಿ ಕಣ್ಣಿನ ಉರಿಯನ್ನು ಲೆಕ್ಕಿಸುವವರಾರು?

ಇನ್ನು ಕಣ್ಣಿನ ಕಡೆಗೆ ಬರೋಣ. ಕಣ್ಣೀರು ಅಳುವಾಗ ಮಾತ್ರ ಬರುವುದೆಂದು ತರಗತಿಯಲ್ಲಿ ಮಕ್ಕಳು ಹೇಳುತ್ತಿದ್ದುದುಂಟು. ವಾಸ್ತವದಲ್ಲಿ ನಮ್ಮ ಕಣ್ಣಿನ ಮೇಲೆ ಸದಾ ಒಂದು ಕಂಬನಿಯ ಪೊರೆ ಹರಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಮೂರು ಪಾಲಿನಷ್ಟು ಮಾತ್ರ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆಯ ತೆಳುಪದರ. ಈ ಎಣ್ಣೆಯನ್ನು ಒಸರುವ, ರೆಪ್ಪೆಯಂಚಿನ ಗ್ರಂಥಿಗಳನ್ನು 1666ರಲ್ಲಿಯೇ ಹೈನ್ರಿಕ್ ಮೈಬೋಮ್ ವರ್ಣಿಸಿದ್ದರು. ಹಾಲು ಆರಿದಾಗ ಮೇಲೆ ಕಟ್ಟುವ ಕೆನೆಯಂತೆ ಈ ಎಣ್ಣೆ ಕೆಳಗಿನ ನೀರನ್ನು ಕಾಯುತ್ತದೆ. ಪ್ರತಿಸಲ ರೆಪ್ಪೆ ಬಡಿದಾಗಲೂ ಪೊರೆ ಹೊಸದಾಗಿ ಹರಡುತ್ತದೆ. ಕಣ್ಣೀರು ಸಾಕಷ್ಟಿದೆಯೇ ಎಂದು ಅಳೆಯಲು 1903ರಲ್ಲಿ ಜರ್ಮನಿಯ ಓಟೊ ಶಿರ್ಮರ್ ಒಂದು ಸರಳ ಉಪಾಯ ಹೂಡಿದರು: ಕೆಳರೆಪ್ಪೆಯೊಳಗೆ ಸೋಸುಕಾಗದದ ಪಟ್ಟಿಯ ತುದಿಯನ್ನು ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರು ನೆನೆಯಿತೆಂದು ನೋಡುವುದು. ಇಂದಿಗೂ ನೇತ್ರಾಲಯಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ.

ಮುಖಗವಸು ಕೆಡಿಸುವುದು ಕಣ್ಣೀರಿನ ಉತ್ಪತ್ತಿಯನ್ನಲ್ಲ, ಈ ಪೊರೆಯ ಬಾಳಿಕೆಯನ್ನು. ಉಸಿರಿನಲ್ಲಿ ತೇವವಿದೆ, ಮತ್ತೆ ಕಣ್ಣೇಕೆ ಒಣಗಬೇಕು ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಿಯಾನು. ತಂತಿಯ ಮೇಲೆ ಹರವಿದ ಬಟ್ಟೆ ನಿಂತ ಗಾಳಿಗಿಂತ ಬೀಸುವ ಗಾಳಿಯಲ್ಲಿ ಬೇಗ ಒಣಗುವುದನ್ನು ನೆನೆಯಬೇಕು. ಉಸಿರುಬಿಟ್ಟಾಗಲೆಲ್ಲ, ಅಂದರೆ ನಿಮಿಷಕ್ಕೆ ಹದಿನೈದರಷ್ಟು ಸಲ, ಕಣ್ಣಿನ ಮುಂದೆ ಗಾಳಿ ಸರಿದಾಡಿದರೆ ಪೊರೆ ಬೇಗ ಆವಿಯಾಗಿ ಒಡೆಯುತ್ತದೆ ಎಂಬುದು ನೇತ್ರವೈದ್ಯರು ಕೊಡುವ ವಿವರಣೆ. ಗವಸಿನ ಮೇಲಂಚಿಗೆ ಅಂಟುಪಟ್ಟಿ ಹಚ್ಚಿದಾಗ ಕೆಳರೆಪ್ಪೆ ಜಗ್ಗಿ ಕಣ್ಣು ಪೂರ್ತಿ ಮುಚ್ಚದಿರುವುದೂ ಉಂಟು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕೋವಿಡ್‌ನ ಎರಡನೆಯ ಅಲೆ ಇಳಿದ ಬಳಿಕ, 2021ರ ಕೊನೆಯಲ್ಲಿ, ಮನೆಗೆ ಬಂದಿದ್ದಳು. "ಸಾರ್, ಡ್ಯೂಟಿ ಮುಗಿಯೋ ಹೊತ್ತಿಗೆ ಕಣ್ಣಿಗೆ ಮರಳು ತೂರಿದ ಹಾಗೆ ಆಗ್ತಿತ್ತು. ಉಜ್ಜೋಣ ಅಂದ್ರೆ ಕೈ ಮುಖಕ್ಕೆ ಹೋಗೋ ಹಾಗಿಲ್ಲ. ಅತ್ತು ಅತ್ತು ಕಣ್ಣೀರೇ ಬತ್ತಿಹೋಯ್ತೇನೋ ಅಂದ್ಕೊಂಡಿದ್ದೆ" ಎಂದಳು. ಆ ಅಲೆಯಲ್ಲಿ ಅವಳು ಕಂಡ ಸಾವುಗಳನ್ನು ನಾನು ಬಲ್ಲೆನಾದ್ದರಿಂದ ಕಡೆಯ ಮಾತಿಗೆ ಉತ್ತರ ಕೊಡಲಾಗಲಿಲ್ಲ. ಗಂಟೆಗಟ್ಟಲೆ ಗವಸು, ನೀರು ಕುಡಿಯಲೂ ತೆಗೆಯಲಾಗದ ಪಿಪಿಇ ಉಡುಪು, ನಿದ್ದೆಗೆಟ್ಟ ರಾತ್ರಿಗಳು, ಹವಾನಿಯಂತ್ರಿತ ಐಸಿಯು, ರೆಪ್ಪೆ ಬಡಿಯುವುದನ್ನೇ ಮರೆಸುವ ಮಾನಿಟರಿನ ಪರದೆ. ಇಷ್ಟೂ ಕೂಡಿದ್ದರಿಂದ ಈ ಬಾಧೆಯ ಭಾರ ಆರೋಗ್ಯ ಸಿಬ್ಬಂದಿಯ ಮೇಲೆಯೇ ಹೆಚ್ಚು ಬಿತ್ತು.

ಅವಳು ಕೈಯನ್ನು ಕಣ್ಣಿಗೆ ಒಯ್ಯದೆ ತಡೆದುಕೊಂಡದ್ದು ಸಣ್ಣ ಸಂಗತಿಯಲ್ಲ. 2020ರ ಜನವರಿಯಲ್ಲಿ ವುಹಾನಿಗೆ ಹೋಗಿದ್ದ ಬೀಜಿಂಗಿನ ಶ್ವಾಸಕೋಶತಜ್ಞ ವಾಂಗ್ ಗ್ವಾಂಗ್‌ಫಾ, ಎನ್95 ತೊಟ್ಟಿದ್ದರೂ ಸೋಂಕಿತರಾದರು. ರಕ್ಷಣೆಯಿಲ್ಲದ ಕಣ್ಣಿನ ಮೂಲಕವೇ ರೋಗ ಹೊಕ್ಕಿರಬೇಕೆಂದು ಅವರು ಶಂಕಿಸಿದ್ದರು. ಒಣಗಿದ ಕಣ್ಣು ತುರಿಸುತ್ತದೆ, ತುರಿಕೆ ಬೆರಳನ್ನು ಕರೆಯುತ್ತದೆ. ಕಾಯಲೆಂದು ತೊಟ್ಟ ಗವಸೇ ಹೀಗೆ ಸೋಂಕಿಗೆ ಇನ್ನೊಂದು ಬಾಗಿಲು ತೆರೆಯಬಹುದಲ್ಲವೆ?

ಅದೇ 2020ರ ಮಧ್ಯಭಾಗದಲ್ಲಿ ಅಮೆರಿಕದ ನೇತ್ರವೈದ್ಯ ಡ್ಯಾರೆಲ್ ವೈಟ್ ಇದಕ್ಕೆ 'ಮುಖಗವಸು ಸಂಬಂಧಿತ ಶುಷ್ಕಾಕ್ಷಿ' ಎಂಬರ್ಥದ ಹೆಸರಿಟ್ಟರು. ಉಟಾ ರಾಜ್ಯದ ವೈದ್ಯರು ತಮ್ಮಲ್ಲಿಗೆ ಬಂದ ರೋಗಿಗಳನ್ನು ಗಮನಿಸಿ ಲೇಖನ ಪ್ರಕಟಿಸಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯ ಜನರಿಗೆ ತಿಳಿವಳಿಕೆ ನೀಡಿತು. ಆವರೆಗೆ ಆಪರೇಷನ್ ಥಿಯೇಟರಿನ ನಾಲ್ಕು ಗೋಡೆಗಳೊಳಗೆ ದಾದಿಯರೂ ವೈದ್ಯರೂ ಅನುಭವಿಸಿ ಸುಮ್ಮನಾಗುತ್ತಿದ್ದುದನ್ನು, ಜಗತ್ತೆಲ್ಲ ಗವಸು ತೊಟ್ಟ ಮೇಲೆ ಜಗತ್ತೇ ಗಮನಿಸಿತು. ಕೆಲಸದವರ ನೋವು ಸಾರ್ವಜನಿಕರ ನೋವಾಗುವ ತನಕ ಹೆಸರು ಪಡೆಯದಿರುವುದು ಇದೊಂದೇ ವಿಷಯದಲ್ಲಿ ಅಲ್ಲ, ಬಿಡಿ.

ಇದರಿಂದ ಗವಸನ್ನೇ ಬಿಟ್ಟುಬಿಡಬೇಕೆಂದು ಯಾವ ವೈದ್ಯರೂ ಹೇಳಿಲ್ಲ. ಮೂಗಿನ ಮೇಲೆ ಬರುವ ಲೋಹದ ಪಟ್ಟಿಯನ್ನು ಎರಡೂ ಕಡೆ ಒತ್ತಿ ಸಂದಿ ಮುಚ್ಚಬೇಕು. ಅಂಟುಪಟ್ಟಿ ಹಚ್ಚುವುದಾದರೆ ರೆಪ್ಪೆ ಜಗ್ಗದಂತೆ ಹಚ್ಚಬೇಕು. ಬಿಡುವು ಸಿಕ್ಕಾಗ ಕೈತೊಳೆದು, ವೈದ್ಯರು ಹೇಳಿದ ಕೃತಕ ಕಣ್ಣೀರಿನ ಹನಿ ಹಾಕಿಕೊಳ್ಳಬೇಕು. ಕನ್ನಡಕದವರಿಗೆ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರ ಪತ್ರಿಕೆಯೊಂದು 2011ರಲ್ಲಿಯೇ ಉಪಾಯ ಹೇಳಿತ್ತು: ಸಾಬೂನು ನೀರಿನಲ್ಲಿ ಗಾಜನ್ನು ತೊಳೆದು, ಕೊಡವಿ ಒಣಗಲು ಬಿಟ್ಟರೆ ಮಂಜು ಕಟ್ಟುವುದಿಲ್ಲ. ನಾನು ಮಾಡಿ ನೋಡಿದ್ದೇನೆ, ಫಲವಿದೆ. ಆದರೆ ಮಂಜು ಕಟ್ಟದಿದ್ದ ಮಾತ್ರಕ್ಕೆ ಉಸಿರು ಮೇಲಕ್ಕೆ ಹೋಗುವುದು ನಿಲ್ಲುವುದಿಲ್ಲ. ಅದನ್ನು ತಡೆಯಲು ಆ ಲೋಹದ ಪಟ್ಟಿಯನ್ನೇ ಒತ್ತಿಕೊಳ್ಳಬೇಕು.