ಮರ ಬೀಳುವ ದಿಕ್ಕು

ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ, ದೇವತಾಪ್ರತಿಮೆಗಾಗಿ ಮರವನ್ನು ತರುವ ವಿಧಿಗೆಂದೇ ‘ವನಸಂಪ್ರವೇಶ’ವೆಂಬ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಇರುಳಿನಲ್ಲಿ ವೃಕ್ಷವನ್ನು ಪೂಜಿಸಿ, ಅದನ್ನಾಶ್ರಯಿಸಿದ ಭೂತಗಳು ಬೇರೆಡೆಗೆ ಬಿಜಯಮಾಡಲೆಂದು ಪ್ರಾರ್ಥಿಸಿ, ಬೆಳಗಾದ ಮೇಲೆ ನೀರೆರೆದು, ಜೇನನ್ನೂ ಘೃತವನ್ನೂ ಸವರಿದ ಕೊಡಲಿಯಿಂದ ಈಶಾನ್ಯದಲ್ಲಿ ಮೊದಲ ಪೆಟ್ಟನ್ನು ಹಾಕಿ ಪ್ರದಕ್ಷಿಣವಾಗಿ ಕಡಿಯತಕ್ಕದ್ದೆಂದು ವಿಧಿಸುವ ಆತನು, ಮರವು ಮೂಡಲಿಗೋ ಬಡಗಲಿಗೋ ಈಶಾನ್ಯಕ್ಕೋ ಉರುಳಿದರೆ ಅಭ್ಯುದಯವೆಂದೂ, ಆಗ್ನೇಯವೇ ಮೊದಲಾದ ಉಳಿದ ದಿಕ್ಕುಗಳಿಗೆ ಬಿದ್ದರೆ ಅಗ್ನಿದಾಹ, ರೋಗ, ಅಶ್ವಕ್ಷಯಾದಿ ಅನಿಷ್ಟಗಳೆಂದೂ ಫಲವನ್ನು ಹೇಳುತ್ತಾನೆ.

ಜ್ಯೋತಿಷಿಗೆ ಶಕುನವಾಗಿ ತೋರಿದ ಈ ಪತನವು ಕೊಡಲಿ ಹಿಡಿದವನಿಗೆ ದಿನದ ಕೆಲಸ. ನೆಟ್ಟಗೆ ನಿಂತ ಮರವನ್ನು ಕಚ್ಚು ಹಾಕುವ ಜಾಣ್ಮೆಯಿಂದಲೇ ಬೇಕಾದ ಕಡೆಗೆ ಕೆಡಹಬಹುದು. ವಾಲಿದ ಮರವಾದರೋ ತಾನು ಬೀಳುವ ದಿಕ್ಕನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತದೆ. ಬೆಳಕನ್ನರಸಿ ವರ್ಷವರ್ಷವೂ ಬಾಗುತ್ತ ಬಂದ ಇಂಥ ಮರದ ಕೆಳಗೆ, ಕರಾವಳಿ ಮಲೆನಾಡುಗಳಲ್ಲಿ, ಹೆಂಚಿನ ಮಾಡೋ ದನದ ಕೊಟ್ಟಿಗೆಯೋ ಗೊನೆ ಹೊತ್ತ ಅಡಕೆಯ ತೋಟವೋ ಇರುವುದುಂಟು. ಅಂಥಲ್ಲಿ ಮರದ ಸಂಕಲ್ಪವನ್ನು ಮುರಿಯಬಲ್ಲ ಸಾಧನವೆಂದರೆ ಹಗ್ಗ.

ಅದನ್ನು ಕಟ್ಟುವುದರಲ್ಲಿ ಒಂದು ಶಾಸ್ತ್ರವೇ ಅಡಗಿದೆ. 10 ಅಡಿಯಲ್ಲಿ ಬಿಗಿದು ಎಳೆಯುವ ಬಲವೇ 20 ಅಡಿಯಲ್ಲಿ ಬಿಗಿದಾಗ ಬುಡದ ಮೇಲೆ ಇಮ್ಮಡಿಯಾಗುವುದರಿಂದ, ಆಳು ಮರವನ್ನೇರಿ ಆದಷ್ಟು ಎತ್ತರದ ಗಟ್ಟಿ ಕವಲಿಗೆ ಗಂಟು ಹಾಕುತ್ತಾನೆ. ಎಳೆಯುವ ಹಗ್ಗವೊಂದಾದರೆ, ಮರ ಪಕ್ಕಕ್ಕೆ ಹೊರಳದಂತೆ ತಡೆಯುವ ಹಗ್ಗ ಇನ್ನೊಂದು. ಅದನ್ನು ಬಳಿಯ ಮರದ ಕಾಂಡಕ್ಕೆ ಎರಡು ಮೂರು ಸುತ್ತು ಸುತ್ತಿದರೆ, ಹತ್ತು ಜನ ಹಿಡಿಯಬೇಕಾದ ಭಾರವನ್ನು ತಿಕ್ಕಾಟವೇ ಹೊತ್ತುಕೊಂಡು, ತುದಿಯಲ್ಲಿ ನಿಂತ ಒಬ್ಬನೇ ಅದನ್ನು ಮೆಲ್ಲಗೆ ಸಡಿಲಿಸಬಲ್ಲನು. ಬೀಳಬೇಕಾದ ಕಡೆಗೆ ಕಚ್ಚು ಕಡಿದು, ಹಗ್ಗ ಬಿಗಿದ ಮೇಲೆಯೇ ಹಿಂಬದಿಯಿಂದ ಕೊಯ್ಯುತ್ತ ಬಂದು, ನಡುವೆ ಬಾಗಿಲ ಕೀಲಿನಂತೆ ಮರದ ಒಂದು ಪಟ್ಟಿಯನ್ನು ಉಳಿಸಬೇಕು. ಎಳೆಯುವವರು ಮರದ ಎತ್ತರಕ್ಕಿಂತ ದೂರದಲ್ಲಿರಬೇಕು. ಇಲ್ಲವೆ ಕಪ್ಪಿಯ ಮೂಲಕ ಹಗ್ಗವನ್ನು ತಿರುಗಿಸಿ ಪಕ್ಕಕ್ಕೆ ಸರಿದಿರಬೇಕು.

ಕರಾವಳಿಯಲ್ಲಿ ಈ ಹಗ್ಗವು ಹಿಂದೆ ಬಹುಮಟ್ಟಿಗೆ ತೆಂಗಿನ ಕತ್ತದ್ದಾಗಿತ್ತು. ಹಠಾತ್ತಾಗಿ ಜಗ್ಗಿದರೆ ತುಸು ಹಿಗ್ಗಿ ತಾಳಿಕೊಳ್ಳುವುದು ಅದರ ಗುಣ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡುಹೋದ ಇಬ್ನ್ ಬತೂತನು, ಭಾರತದ ಹಡಗುಗಳ ಹಲಗೆಗಳನ್ನು ಇದೇ ನಾರಿನಿಂದ ಹೊಲಿಯುವರೆಂದೂ, ಬಂಡೆಗೆ ಬಡಿದಾಗ ಮೊಳೆಯ ಹಡಗು ಒಡೆದರೂ ಹೊಲಿದ ಹಡಗು ಮಣಿದು ಉಳಿಯುವುದೆಂದೂ ಬರೆದಿಟ್ಟಿದ್ದಾನೆ. ಹಡಗಿಗೂ ಕಾಡಿಗೂ ನಂಟು ಇಷ್ಟಕ್ಕೇ ಮುಗಿಯದು. 19ನೆಯ ಶತಮಾನದಲ್ಲಿ ಕನ್ನಡ ಜಿಲ್ಲೆ, ಕೊಡಗುಗಳ ಘಟ್ಟದ ಕಾಡುಗಳಿಂದ, ಆಂಗ್ಲರು ‘ಪೂನ್’ ಎಂದು ಕರೆದ, ಸುರಹೊನ್ನೆಯ ಬಳಗದ ನೀಳವಾದ ಮರಗಳನ್ನು ಹಡಗಿನ ಕೂವೆಮರಕ್ಕಾಗಿ ಇಳಿಸುತ್ತಿದ್ದರು. ಬಂಡೆಯ ಮೇಲೆ ಬಿದ್ದು ಕಾಂಡ ಸೀಳಿತೆಂದರೆ ಅದು ಕೂವೆಮರವಾಗುವ ಯೋಗ ಅಲ್ಲಿಗೇ ಮುಗಿಯಿತು. ಕೆಡದೆ ಕಡಲು ಸೇರಿದ ಮರವನ್ನು ಮತ್ತೆ ನೆಟ್ಟಗೆ ನಿಲ್ಲಿಸಿ ಗಾಳಿಗೆ ಬಾಗದಂತೆ ಹಿಡಿಯುತ್ತಿದ್ದುದೂ ನಾಲ್ಕು ಕಡೆಯ ಹಗ್ಗಗಳೇ.

ವರಾಹಮಿಹಿರನು ಬಿದ್ದ ಮರದ ತಲೆ ಎತ್ತಲೆಂದು ನೋಡಿ ಫಲ ಹೇಳಿದನು. ನೈರುತ್ಯದ ಕೊಟ್ಟಿಗೆಯತ್ತ ವಾಲಿದ ಮರವನ್ನು ಈಶಾನ್ಯದ ಬಯಲಿಗೆ ಮಲಗಿಸಿ ಹಗ್ಗ ಸುತ್ತಿಕೊಳ್ಳುವ ಆಳು, ಆ ಶಕುನವನ್ನು ತನ್ನ ಕೈಯಾರೆ ಹೊಸೆದವನು.