ಗಡಿಯಾಚೆಯ ದವಾಖಾನೆ

ಬಾಂಗ್ಲಾದೇಶ, ಇರಾಕ್, ಒಮಾನ್‌ನಂಥ ದೇಶಗಳಿಂದ ರೋಗಿಗಳು ಚೆನ್ನೈ, ಬೆಂಗಳೂರುಗಳಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋಗುತ್ತಾರೆ. ಅತ್ತ ಅಮೆರಿಕದವರು ಹಲ್ಲಿನ ಚಿಕಿತ್ಸೆಗೆ ಮೆಕ್ಸಿಕೋ ಗಡಿ ದಾಟುತ್ತಾರೆ. ಇದಕ್ಕೆ ‘ವೈದ್ಯಕೀಯ ಪ್ರವಾಸೋದ್ಯಮ’ ಎಂಬ ಹೆಸರು ಬಂದಿದೆ. ಹೆಸರು ಹೊಸದು, ನಡೆ ಮಾತ್ರ ಹಳೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಆ ನಡೆಯ ಇನ್ನೊಂದು ಹೆಸರೇ ಮಿರಜ.

ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್‌ಲೆಸ್ 1889ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಮಿರಜದಲ್ಲಿ ಅವರ ಆಸ್ಪತ್ರೆ ಆರಂಭವಾಯಿತು. ಆಗ ಗೋಕಾಕ, ಹುಕ್ಕೇರಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು; ಮಿರಜ ಪಟವರ್ಧನರ ಸಂಸ್ಥಾನ. ಅಂದರೆ ಗೋಕಾಕದ ರೋಗಿ ಒಂದು ಆಳ್ವಿಕೆಯಿಂದ ಇನ್ನೊಂದು ಆಳ್ವಿಕೆಗೆ ಹೋಗುತ್ತಿದ್ದ. ಹಾದಿಯನ್ನು ರೈಲು ಹತ್ತಿರ ಮಾಡಿತ್ತು. ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ, ರಾಯಬಾಗ, ಕುಡಚಿ, ಆಮೇಲೆ ಕೃಷ್ಣೆಯ ಸೇತುವೆ ದಾಟಿದರೆ ಮಿರಜ.

ಮಿಷನ್ನಿಗೆ ಧರ್ಮಪ್ರಚಾರದ ಉದ್ದೇಶವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ನೋವಿನಿಂದ ನರಳುವವನು ಮೊದಲು ಕೇಳುವುದು ಗುಣವಾಗುತ್ತದೆಯೇ ಎಂದು. ಅದೇ ಮಿರಜದಲ್ಲಿ ಖ್ವಾಜಾ ಶಮ್ಸುದ್ದೀನ್ ಮೀರಾಸಾಹೇಬರ ದರ್ಗಾ ಇದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಕಾಯಿಲೆ ಬಿದ್ದಾಗ ಇಲ್ಲಿ ಹಾಡಿ ಗುಣಮುಖರಾದರೆಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಅವರು ಮಿರಜದಲ್ಲೇ ನೆಲೆಸಿದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿದೆ. ದವಾ ಒಂದು ಕಡೆ, ದುಆ ಒಂದು ಕಡೆ. ಎರಡಕ್ಕೂ ಒಂದೇ ರೈಲು.

ನಮ್ಮ ಭಾಗದಲ್ಲಿ ಪ್ರಯತ್ನಗಳೇ ಆಗಲಿಲ್ಲ ಎನ್ನುವಂತಿಲ್ಲ. ಸೇವಾದಳದ ಡಾ. ನಾ. ಸು. ಹರ್ಡೀಕರರ ನಂಟು ಪಡೆದ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮ, ಅದೇ ಊರಿನ ಜಗದ್ಗುರು ಗುರುಸಿದ್ಧೇಶ್ವರ ಸಹಕಾರಿ ಆಸ್ಪತ್ರೆ ಎರಡೂ ಜನರ ಆಸರೆಗಳು. ಸಾಲ ಕೊಡಲು, ಕಬ್ಬು ಅರೆಯಲು ಬಳಸಿದ ಸಹಕಾರ ತತ್ವವನ್ನು ರೋಗಿಯ ಹಾಸಿಗೆಯ ಬಳಿಗೂ ತಂದ ಊರದು.

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1960ರಲ್ಲಿ ಮಿರಜ ಮಹಾರಾಷ್ಟ್ರದ್ದಾಯಿತು. ನಕ್ಷೆಯ ಗೆರೆ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ. ಆ ಗೆರೆ ಗೋಡೆಯಾಗಬಲ್ಲುದು ಎಂಬುದನ್ನು ಕೊರೋನಾ ತೋರಿಸಿತು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ನಿಂತರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2021ರಲ್ಲಿ ನಿಪ್ಪಾಣಿ ಬಳಿಯ ಕೊಗನೊಳಿಯಲ್ಲಿ ಮಹಾರಾಷ್ಟ್ರದಿಂದ ಬರುವವರ ಕೋವಿಡ್ ಪರೀಕ್ಷೆಯ ವರದಿ ಕೇಳಲಾಯಿತು. 2023ರಲ್ಲಿ ಮಹಾರಾಷ್ಟ್ರವು ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸಲು ಹೊರಟಿತು, ಕರ್ನಾಟಕ ಪ್ರತಿಭಟಿಸಿತು. ಚಿಕಿತ್ಸೆಯೂ ಗಡಿ ಜಗಳದ ಅಸ್ತ್ರವಾಯಿತು. ಯಾರೂ ರೋಗಿಯ ನಾಡಿ ಹಿಡಿಯಲಿಲ್ಲ, ಎಲ್ಲರೂ ಮತದಾರನ ನಾಡಿ ಹಿಡಿದರು.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. ಈಜಿಪ್ಟಿನ ಕಲಾವೂನ್ ಇನ್ನೂ ಸುಲ್ತಾನನಾಗುವ ಮುಂಚೆ ಡಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದ. ಅಲ್ಲಿನ ನೂರುದ್ದೀನರ ಆಸ್ಪತ್ರೆಯ ಔಷಧ ಅವನನ್ನು ಉಳಿಸಿತು. ಪರಊರಿನಲ್ಲಿ ಪಡೆದ ಆ ಉಪಕಾರಕ್ಕೆ ಹರಕೆ ಹೊತ್ತು 1284ರಲ್ಲಿ ಕೈರೋದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. ಬಡವ, ಬಲ್ಲಿದ, ಊರವ, ಪರಊರವ ಎಲ್ಲರಿಗೂ ಅದು ತೆರೆದಿರಬೇಕೆಂದು ವಕ್ಫ್ ಪತ್ರದಲ್ಲೇ ಬರೆಸಿದ.

ಹಣವಿದ್ದ ರೋಗಿಗೆ ಇಂದು ಜಗತ್ತಿನಲ್ಲಿ ಗಡಿಯೇ ಇಲ್ಲ. ಅವನನ್ನು ಸ್ವಾಗತಿಸಲು ಪ್ರತ್ಯೇಕ ವೀಸಾ ಇದೆ. ಹುಕ್ಕೇರಿಯ ಕೂಲಿಕಾರ ಮಾತ್ರ ತನ್ನ ಆರೋಗ್ಯ ಕಾರ್ಡು ಮಿರಜದಲ್ಲಿ ನಡೆಯುತ್ತದೋ ಇಲ್ಲವೋ ಎಂದು ಕೇಳಿಕೊಂಡು ಹೋಗಬೇಕು. ನದಿ ನೀರಿನ ಬಗ್ಗೆ ಕೂತು ಮಾತಾಡುವ ಎರಡು ಸರ್ಕಾರಗಳು ಗಡಿಭಾಗದ ರೋಗಿಗಳ ಬಗ್ಗೆಯೂ ಒಂದು ಒಪ್ಪಂದಕ್ಕೆ ಬರಬಾರದೇಕೆ? ನಮ್ಮ ಜನ ಆಸ್ಪತ್ರೆಯನ್ನು ಇಂದಿಗೂ ದವಾಖಾನಿ ಎನ್ನುತ್ತಾರೆ. ಅರಬಿಯ ದವಾ, ಪಾರ್ಸಿಯ ಖಾನೆ ಕೂಡಿ ಎಷ್ಟೋ ಗಡಿ ದಾಟಿ ಕನ್ನಡಕ್ಕೆ ಬಂದ ಮಾತದು. ಮಾತಿಗೆ ಸಿಕ್ಕ ದಾರಿ ಮನುಷ್ಯನಿಗೂ ಸಿಗಬೇಕು.