ಘಾಟಿ ರಸ್ತೆಗಳೆಲ್ಲ ಬಂದ್ ಆದರೆ ಪರಿಹಾರ ಸಾಗುವುದು ಯಾವ ದಾರಿಯಲ್ಲಿ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಡಿಕೇರಿ-ಸಂಪಾಜೆ ನಡುವಿನ ರಾಷ್ಟ್ರೀಯ ಹೆದ್ದಾರಿ 275 ಹಲವೆಡೆ ಕೊಚ್ಚಿಹೋಗಿತ್ತು. ಅದೇ ದಿನಗಳಲ್ಲಿ ಶಿರಾಡಿ ಘಾಟಿಯಲ್ಲೂ ಭೂಕುಸಿತ, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗವೂ ಬಂದ್. ಮಂಗಳೂರು-ಬೆಂಗಳೂರು ಸಂಚಾರದ ಹೆಚ್ಚಿನ ಭಾರ ಚಾರ್ಮಾಡಿಯ ಕಿರಿದಾದ ತಿರುವುಗಳ ಮೇಲೆ ಬಿತ್ತು. ಮರುವರ್ಷದ ಆಗಸ್ಟ್‌ನಲ್ಲಿ ಆ ಚಾರ್ಮಾಡಿಯೇ ಕುಸಿಯಿತು.

ತುರ್ತು ಸಂಚಾರ ಮಾರ್ಗಗಳ ಯೋಜನೆ ಎಂದರೆ ನಕ್ಷೆಯಲ್ಲಿ ಇನ್ನೊಂದು ಗೆರೆ ಎಳೆಯುವುದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಒಂದೇ ಮಳೆ ಎಲ್ಲ ಘಾಟಿಗಳ ಮೇಲೂ ಸುರಿಯುತ್ತದೆ. ಜತೆಗೆ, ಕಾರು ಹೋಗುವ ದಾರಿಯಲ್ಲಿ ಲಾರಿ ಹೋಗಲೇಬೇಕೆಂದಿಲ್ಲ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಭಾರಿ ವಾಹನಗಳಿಗೆ ಅಲ್ಲಿ ಅವಕಾಶವಿಲ್ಲ. ಜೆಸಿಬಿ ಹೊತ್ತ ಟ್ರೇಲರ್ ಯಾವ ಸೇತುವೆ ದಾಟಬಲ್ಲದು, ಯಾವ ತಿರುವಿನಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಮಳೆಗಾಲಕ್ಕೆ ಮುನ್ನವೇ ಗೊತ್ತಿರಬೇಕು.

ಹೊಣೆ ಯಾರದು?

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸೆಕ್ಷನ್ 34ರಡಿ ಸಂಚಾರ ನಿರ್ಬಂಧಿಸಬಹುದು, ಸೆಕ್ಷನ್ 65ರಡಿ ಖಾಸಗಿ ವಾಹನಗಳನ್ನೂ ವಶಕ್ಕೆ ಪಡೆಯಬಹುದು. ಆದರೆ ಘಾಟಿಯ ಬುಡ ಒಂದು ಜಿಲ್ಲೆಯಲ್ಲಿ, ತುದಿ ಇನ್ನೊಂದರಲ್ಲಿ. ಮೇಲೆ ವಾಹನ ತಡೆಯದೆ ಕೆಳಗೆ ಮಾತ್ರ ರಸ್ತೆ ಮುಚ್ಚಿದರೆ ಆಂಬ್ಯುಲೆನ್ಸ್‌ಗೂ ಜಾಗ ಉಳಿಯದು.

ವಯನಾಡು ಕಲಿಸಿದ್ದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲ-ಮುಂಡಕೈ ನಡುವಿನ ಸೇತುವೆ ಕೊಚ್ಚಿಹೋಯಿತು. ಆಚೆ ದಡದಲ್ಲಿ ಜನ ಮಣ್ಣಿನಡಿ ಸಿಲುಕಿದ್ದರು, ಮಣ್ಣು ಅಗೆಯುವ ದೊಡ್ಡ ಯಂತ್ರಗಳು ಈಚೆ ದಡದಲ್ಲಿ. ರಕ್ಷಣಾ ಸಿಬ್ಬಂದಿ ಹಗ್ಗ, ತಾತ್ಕಾಲಿಕ ಕಾಲುಸಂಕಗಳನ್ನೇ ನಂಬಬೇಕಾಯಿತು. ಬೆಂಗಳೂರು ಮೂಲದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಕಟ್ಟಿ ಮುಗಿಸಿದರು. ಸಾಮರ್ಥ್ಯ 24 ಟನ್. ಮಳೆಯಲ್ಲೇ, ರಾತ್ರಿಯಿಡೀ ನಡೆದ ಕೆಲಸವದು. ಅಷ್ಟಾದರೂ ಮೊದಲ ಎರಡು ದಿನ ಕಳೆದೇ ಹೋಗಿದ್ದವು. ಸೇತುವೆಯ ಬಿಡಿಭಾಗಗಳು, ಜೆಸಿಬಿ, ಡೀಸೆಲ್, ಔಷಧ ಇವೆಲ್ಲ ಅಪಾಯದ ಜಾಗದ ಎರಡೂ ಬದಿಯಲ್ಲಿ ಮೊದಲೇ ಇರಬೇಕು ಎಂದು ಹೇಳುವುದು ಇದಕ್ಕೇ.

ಊರಿಗೆ ಹೊರಟಿದ್ದೀರಾ?

ಮ್ಯಾಪ್ ಆ್ಯಪ್ ತೋರಿಸುವ ಒಳದಾರಿಗಿಂತ ಜಿಲ್ಲಾಧಿಕಾರಿಯ ಸಂಚಾರ ಆದೇಶ ಮುಖ್ಯ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಮುಂಬೈ, ಪುಣೆ, ಚೆನ್ನೈನಿಂದ ಕರೆ ಮಾಡುವವರು ಮುಂದೆ ಆಯಾ ಜಿಲ್ಲಾ ಕೇಂದ್ರದ ಎಸ್‌ಟಿಡಿ ಕೋಡ್ ಸೇರಿಸಬೇಕು. ಇಲ್ಲದಿದ್ದರೆ ಕರೆ ತಾವಿರುವ ಜಿಲ್ಲೆಗೇ ಹೋಗುತ್ತದೆ.